ಉಡುಪಿಯ ಸನ್ನದು ಟೊರಾಂಟೊದಲ್ಲಿ ನಡೀತದಾ?

ಪ್ರಶ್ನೆ: ನಾನು ಉಡುಪಿಯಲ್ಲೇ ಐದು ವರ್ಷದ ಬಿಎ ಎಲ್‌ಎಲ್‌ಬಿ ಮಾಡಿ 2014ರಲ್ಲಿ ಎನ್‌ರೋಲ್ ಆದವಳು. ಅಲ್ಲಿಂದ ಇಲ್ಲಿಯವರೆಗೆ ಇಲ್ಲಿನ ಕೋರ್ಟುಗಳಲ್ಲೇ ಸಿವಿಲ್ ಪ್ರಾಕ್ಟೀಸ್, ಜಾಸ್ತಿ ಪಾರ್ಟಿಶನ್ ಮತ್ತು ಇಂಜಂಕ್ಷನ್ ಸೂಟುಗಳು. ಗಂಡನಿಗೆ ಟೊರಾಂಟೊ ಹತ್ತಿರ ಕೆಲಸ ಆಗಿದೆ, ಬರುವ ವರ್ಷ ಮಗಳನ್ನು ಕರ್ಕೊಂಡು ನಾನೂ ಹೋಗ್ಬೇಕು. ಮಂಗಳೂರಿನ ಒಬ್ಬ ಏಜೆಂಟ್ "ಅಲ್ಲಿ ಒಂದು ಎಲ್‌ಎಲ್‌ಎಂ ಮಾಡಿ, ಲಾಯರ್ ಆಗಬಹುದು, ಸೀಟು ನಾವು ಕೊಡಿಸ್ತೇವೆ" ಅಂತಾರೆ. ಡಬ್ಲ್ಯುಇಎಸ್ ರಿಪೋರ್ಟಲ್ಲಿ ನನ್ನ ಡಿಗ್ರಿ ಕೆನಡಾದ ಡಿಗ್ರಿಗೆ ಸಮ ಅಂತ ಬಂದಿದೆ. ಹಾಗಾದ್ರೆ ಅಲ್ಲಿ ನೇರ ಪ್ರಾಕ್ಟೀಸ್ ಮಾಡಬಹುದಾ, ಪುನಃ ಓದ್ಬೇಕಾ, ಇಲ್ಲಿನ ಸನ್ನದು, ಅಂದ್ರೆ ವಕೀಲಿ ಮಾಡುವ ಪರವಾನಗಿ, ಎಂತ ಮಾಡುದು?

ಉತ್ತರ: ಮೊದಲು ಆ ಡಬ್ಲ್ಯುಇಎಸ್ ಕಾಗದ ಬದಿಗಿಡಿ. ಅದು ಇಮಿಗ್ರೇಶನ್‌ನವರಿಗೆ ಪಾಯಿಂಟ್ ಲೆಕ್ಕ ಹಾಕ್ಲಿಕ್ಕೆ ಮಾತ್ರ ಇರುವಂಥದ್ದು, "ಇವರು ಇಷ್ಟು ವರ್ಷ ಕಾಲೇಜಿಗೆ ಹೋದದ್ದು ಹೌದು, ನಮ್ಮ ಇಂಥ ಡಿಗ್ರಿಗೆ ಇದು ಸಮ" ಅಂತ ಹೇಳ್ತದೆ, ಅಷ್ಟೆ. ಅದನ್ನು ಹಿಡ್ಕೊಂಡು ಟೊರಾಂಟೊ ಇರುವ ಒಂಟಾರಿಯೋ ಪ್ರಾಂತ್ಯದ ಯಾವ ಕೋರ್ಟಲ್ಲೂ ನಿಲ್ಲಲಿಕ್ಕೆ ಆಗುದಿಲ್ಲ. ಲೈಸೆನ್ಸ್ ವಿಷಯಕ್ಕೆ ನಿಮ್ಮ ಡಿಗ್ರಿಯನ್ನು ಅಳೆಯುವವರು ಬೇರೆಯೇ ಇದ್ದಾರೆ, ಅವರ ಹೆಸರು ನ್ಯಾಷನಲ್ ಕಮಿಟಿ ಆನ್ ಅಕ್ರೆಡಿಟೇಶನ್, ಎಲ್ಲರೂ ಎನ್‌ಸಿಎ ಅಂತಲೇ ಹೇಳುದು, ಕೆನಡಾದ ಲಾ ಸೊಸೈಟಿಗಳ (ವಕೀಲರಿಗೆ ಲೈಸೆನ್ಸ್ ಕೊಡುವ ಸಂಸ್ಥೆಗಳ) ಫೆಡರೇಶನ್ ಅದನ್ನು ನಡೆಸ್ತದೆ. ನಿಮ್ಮ ಹಾಗೆ ಡಬ್ಲ್ಯುಇಎಸ್ ಬಂತು, ಕೆಲಸ ಆಯ್ತು ಅಂತ ನಿಶ್ಚಿಂತೆಯಲ್ಲಿ ಫ್ಲೈಟ್ ಹತ್ತಿ, ಅಲ್ಲಿ ಹೋದ ಮೇಲೆ ಎನ್‌ಸಿಎ ಅಂತ ಒಂದುಂಟು ಅಂತ ಗೊತ್ತಾಗಿ, ಇಲ್ಲಿಯ ಕಾಗದಕ್ಕೆ ಅಲ್ಲಿಂದ ಫೋನ್ ಮಾಡಿ ಮಾಡಿ ಸುಸ್ತಾದವರು ನನ್ನ ಹತ್ರ ಬರ್ತಾ ಇರ್ತಾರೆ. ನೀವು ಹೊರಡುವ ಮೊದಲೇ ಕೇಳಿದ್ದು ಒಳ್ಳೇದಾಯ್ತು.

ಡಾಕ್ಟರ್, ಇಂಜಿನಿಯರ್‌ಗಳಿಗೂ ಹೊರದೇಶದಲ್ಲಿ ಪರೀಕ್ಷೆ ಉಂಟು, ಆದ್ರೆ ಹೃದಯ ಇಲ್ಲಿಯೂ ಎಡಗಡೆ ಅಲ್ಲಿಯೂ ಎಡಗಡೆ. ಕಾನೂನು ಹಾಗಲ್ಲ, ಗಡಿ ದಾಟಿದ ಕೂಡಲೇ ಕಾನೂನೇ ಬೇರೆ. ಹಾಗಾಗಿ ಡಿಗ್ರಿ ಟ್ರಾನ್ಸ್‌ಫರ್ ಅಂತ ಒಂದು ಇಲ್ಲ. ನಿಮ್ಮ ಹತ್ರ ಏನುಂಟು ಅಂತ ಅವರು ವಿಷಯವಾರು ನೋಡ್ತಾರೆ, ಇಲ್ಲದ್ದನ್ನು ತುಂಬಿಸ್ಲಿಕ್ಕೆ ಹೇಳ್ತಾರೆ. ನಮ್ಮದು ಬ್ರಿಟಿಷರಿಂದ ಬಂದ ಕಾಮನ್ ಲಾ ಪದ್ಧತಿ ಆದ ಕಾರಣ ನಿಮಗೆ ಅರ್ಧ ದಾರಿ ಮೊದಲೇ ಆಗಿದೆ: ಕಾಂಟ್ರಾಕ್ಟ್, ಟಾರ್ಟ್, ಪ್ರಾಪರ್ಟಿ ಇದೆಲ್ಲ ಒಳ್ಳೆ ಮಾರ್ಕ್ಸಲ್ಲಿ ಪಾಸಾಗಿದ್ರೆ ಸಾಮಾನ್ಯವಾಗಿ ಮತ್ತೆ ಕೇಳುದಿಲ್ಲ. ಆದ್ರೆ ಕೆನಡಾದ್ದೇ ಆದ ಐದು ವಿಷಯ ಯಾರಿಗೂ ತಪ್ಪಿದ್ದಲ್ಲ, ಕೆನಡಾದ ಸಂವಿಧಾನ, ಆಡಳಿತ ಕಾನೂನು, ಕ್ರಿಮಿನಲ್ ಕಾನೂನು, ಫೌಂಡೇಶನ್ಸ್ ಆಫ್ ಕೆನಡಿಯನ್ ಲಾ, ಮತ್ತೆ ವಕೀಲರ ವೃತ್ತಿ ನಿಯಮ. ಇದರ ಮೇಲೆ ಲೀಗಲ್ ರಿಸರ್ಚ್ ಅಂಡ್ ರೈಟಿಂಗ್ ಉಂಟು. ಮಾರ್ಕ್ಸ್ ಕಡಿಮೆ ಇದ್ದ ವಿಷಯ ಇದ್ರೆ ಅದೂ ಸೇರ್ಬಹುದು. ಇಷ್ಟನ್ನು ಮುಗಿಸಿದ್ರೆ ಸರ್ಟಿಫಿಕೇಟ್ ಆಫ್ ಕ್ವಾಲಿಫಿಕೇಶನ್ ಸಿಗ್ತದೆ, ಅದು ಸಿಕ್ಕಿದ್ರೂ ನೀವು ಇನ್ನೂ ಲಾಯರ್ ಅಲ್ಲ, ಲಾ ಸೊಸೈಟಿಯ ಬಾಗಿಲು ತಟ್ಟುವ ಅರ್ಹತೆ ಬಂತು ಅಂತ ಲೆಕ್ಕ.

ಈಗ ಏಜೆಂಟ್ ಹೇಳಿದ ಎಲ್‌ಎಲ್‌ಎಂ. ಪೂರ್ತಿ ಸುಳ್ಳು ಅಂತ ಹೇಳುದಿಲ್ಲ ನಾನು. ಎನ್‌ಸಿಎ ಕೊಟ್ಟ ವಿಷಯಗಳನ್ನು ಎರಡು ರೀತಿಯಲ್ಲಿ ಮುಗಿಸಬಹುದು, ಒಂದು ಮನೆಯಲ್ಲೇ ಓದಿ ಅವರದೇ ಪರೀಕ್ಷೆ ಬರೆಯುದು, ಇನ್ನೊಂದು ಅಲ್ಲಿನ ಲಾ ಸ್ಕೂಲಲ್ಲಿ ಆ ವಿಷಯಗಳನ್ನೇ ತಗೊಂಡು ಪಾಸಾಗುದು. ಎರಡನೆಯದಕ್ಕೆ ಅಂತಲೇ ಕೆಲವು ಯೂನಿವರ್ಸಿಟಿಗಳಲ್ಲಿ ವಿದೇಶಿ ವಕೀಲರ ಎಲ್‌ಎಲ್‌ಎಂ ಉಂಟು, ಯಾರ್ಕ್ ಯೂನಿವರ್ಸಿಟಿಯ ಓಸ್‌ಗುಡ್, ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿ ಇಂಥ ಕಡೆ. ತೊಂದ್ರೆ ಎಂತ ಅಂದ್ರೆ ಎಲ್ಲ ಎಲ್‌ಎಲ್‌ಎಂ ಇಂಥದ್ದಲ್ಲ. ಇಂಟರ್‌ನ್ಯಾಷನಲ್ ಟ್ರೇಡ್ ಲಾ, ಹ್ಯೂಮನ್ ರೈಟ್ಸ್ ಅಂತ ಚಂದದ ಹೆಸರಿನ ಎಲ್‌ಎಲ್‌ಎಂ ಮಾಡಿ, ಲಕ್ಷಗಟ್ಟಲೆ ಸುರಿದು, ಕೊನೆಗೆ ಎನ್‌ಸಿಎಯ ಒಂದು ವಿಷಯವೂ ಕಳೆಯದೆ ಹಾಗೇ ಉಳಿಯುತ್ತದೆ. ಏಜೆಂಟಿಗೆ ಕಮಿಷನ್ ಸೀಟಿಗೆ, ನಿಮ್ಮ ಲೈಸೆನ್ಸಿಗಲ್ಲ. ನೀವು ಹತ್ತು ವರ್ಷ ಡ್ರಾಫ್ಟಿಂಗ್ ಮಾಡಿದವರು, ನನ್ನ ಪ್ರಕಾರ ಮನೆಯಲ್ಲೇ ಓದಿ ಪರೀಕ್ಷೆ ಬರೆಯುದು ಸಾಕು. ಎಲ್‌ಎಲ್‌ಎಂನಿಂದ ಇರುವ ನಿಜವಾದ ಲಾಭ ಪರಿಚಯ, ಅಂದ್ರೆ ಪ್ರೊಫೆಸರು, ಕ್ಲಾಸ್‌ಮೇಟು, ಕೆಲಸ ಹುಡುಕುವಾಗ ಹೆಸರು ಹೇಳ್ಲಿಕ್ಕೆ ಎರಡು ಜನ. ಅದಕ್ಕೆ ಅಷ್ಟು ದುಡ್ಡು ಕೊಡ್ಬೇಕಾ ಅನ್ನುದು ನಿಮ್ಮ ಮನೆ ಲೆಕ್ಕಾಚಾರ. ಹೇಗೂ ಮೊದಲು ಎನ್‌ಸಿಎಯ ಅಸೆಸ್‌ಮೆಂಟ್ ಬರ್ಲಿ, ಯಾವ ವಿಷಯ ಬಾಕಿ ಉಂಟು ಅಂತ ಕಾಗದದಲ್ಲಿ ನೋಡಿ, ಆಮೇಲೆ ಕಾಲೇಜಿನ ಮಾತು.

ಪರೀಕ್ಷೆ ಹೇಗಿರ್ತದೆ ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ನಮ್ಮ ಕಡೆಯವರು ಎಡವುದು ಇಲ್ಲಿಯೇ. ನಮ್ಮಲ್ಲಿ "ವಿವರಿಸಿ", "ಟಿಪ್ಪಣಿ ಬರೆಯಿರಿ" ಅಂತ ಬಂದ್ರೆ ಸೆಕ್ಷನ್ ಉರು ಹೊಡೆದದ್ದನ್ನು ನಾಲ್ಕು ಪುಟ ಬರೆದು ಬರುದು ಅಭ್ಯಾಸ. ಅಲ್ಲಿ ಒಂದು ಉದ್ದದ ಕಥೆ ಕೊಡ್ತಾರೆ, ಒಬ್ಬನಿಗೆ ಲೈಸೆನ್ಸ್ ಕೊಡುವ ಅಧಿಕಾರಿ ಕಾರಣ ಹೇಳದೆ ಅರ್ಜಿ ತಳ್ಳಿ ಹಾಕಿದ, ಹಿಯರಿಂಗ್ ಕೊಡ್ಲಿಲ್ಲ, ಈಗ ಅವನಿಗೆ ಸಲಹೆ ಕೊಡಿ ಅಂತ. ಅಲ್ಲಿ ನೀವು ನ್ಯಾಚುರಲ್ ಜಸ್ಟಿಸ್ ಅಂದ್ರೇನು ಅಂತ ಪ್ರಬಂಧ ಬರೆದ್ರೆ ಮಾರ್ಕ್ಸ್ ಇಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ 1999ರ ಬೇಕರ್ ಕೇಸಿನ ಅಂಶಗಳನ್ನು ಒಂದೊಂದಾಗಿ ಆ ಕಥೆಗೆ ಹಚ್ಚಿ ಈ ಮನುಷ್ಯನಿಗೆ ಎಷ್ಟು ಮಟ್ಟದ ಹಿಯರಿಂಗ್ ಸಿಗಬೇಕಿತ್ತು ಅಂತ ಹೇಳ್ಬೇಕು, ಮತ್ತೆ ಕೋರ್ಟು ಆ ಅಧಿಕಾರಿಯ ತೀರ್ಮಾನವನ್ನು ಎಷ್ಟು ಕಟ್ಟುನಿಟ್ಟಾಗಿ ನೋಡ್ತದೆ ಅನ್ನುದಕ್ಕೆ 2019ರ ವಾವಿಲೊವ್ ತೀರ್ಪು ಹಿಡಿಬೇಕು. ಪಾಸಾಗ್ಲಿಕ್ಕೆ 50 ಮಾರ್ಕ್ಸ್ ಸಾಕು, ಆದ್ರೆ ಆ 50 ನಮ್ಮ ಕಡೆಯ 50 ಅಲ್ಲ.

ಖುಷಿಯ ವಿಷಯ, ಸಂವಿಧಾನ ನಿಮಗೆ ಅಷ್ಟು ಅನ್ಯ ಅನ್ನಿಸ್ಲಿಕ್ಕಿಲ್ಲ. 1867ರ ಅವರ ಕಾಯ್ದೆಯಲ್ಲಿ ಸೆಕ್ಷನ್ 91 ಕೇಂದ್ರದ ಅಧಿಕಾರ, 92 ಪ್ರಾಂತ್ಯದ್ದು. ಕೇಂದ್ರಕ್ಕೆಷ್ಟು ರಾಜ್ಯಕ್ಕೆಷ್ಟು ಅಂತ ಅಧಿಕಾರ ಹಂಚುವ ನಮ್ಮ ಏಳನೇ ಷೆಡ್ಯೂಲಿನ ಪಟ್ಟಿಗಳನ್ನು ಓದಿದವರಿಗೆ ಗುರುತು ಸಿಗ್ತದೆ, ನಮ್ಮವರು ಸಂವಿಧಾನ ಮಾಡುವಾಗ ಕೆನಡಾದ್ದನ್ನು ಚೆನ್ನಾಗಿಯೇ ನೋಡಿದ್ದಾರೆ. 1982ರಲ್ಲಿ ಬಂದ ಚಾರ್ಟರ್ ಅಂದ್ರೆ ಅವರ ಮೂಲಭೂತ ಹಕ್ಕುಗಳು, ಹಕ್ಕಿಗೆ ಸರ್ಕಾರ ಎಷ್ಟರ ಮಟ್ಟಿಗೆ ಕಡಿವಾಣ ಹಾಕಬಹುದು ಅನ್ನುದಕ್ಕೆ 1986ರ ಓಕ್ಸ್ ಕೇಸಿನ ಟೆಸ್ಟ್ ಉಂಟಲ್ಲ, ಅದೇ ಪ್ರೊಪೋರ್ಶನಾಲಿಟಿ (ಕಡಿವಾಣ ಉದ್ದೇಶಕ್ಕೆ ತಕ್ಕಷ್ಟೇ ಇರ್ಬೇಕು ಅನ್ನುವ) ಮಾತು ನಮ್ಮ ಸುಪ್ರೀಂ ಕೋರ್ಟಿನ ಈಚಿನ ತೀರ್ಪುಗಳಲ್ಲೂ ಬರ್ತದೆ. ಹೊಸದಾಗಿ ತಲೆಗೆ ಹಾಕ್ಕೊಳ್ಬೇಕಾದ್ದು ಸೆಕ್ಷನ್ 33, ಶಾಸನಸಭೆಯೇ ಕೆಲವು ಹಕ್ಕುಗಳನ್ನು ಐದೈದು ವರ್ಷದ ಮಟ್ಟಿಗೆ ಬದಿಗಿಟ್ಟು ಕಾನೂನು ಮಾಡಬಹುದು ಅನ್ನುವ ವ್ಯವಸ್ಥೆ, ಮತ್ತೆ ಸೆಕ್ಷನ್ 35, ಅಲ್ಲಿನ ಮೂಲನಿವಾಸಿಗಳ ಹಕ್ಕು. ಈ 35 ಅನ್ನು ನಮ್ಮವರು ಹಗುರ ಮಾಡಿ ಬಿಟ್ಟು ಹೋಗ್ತಾರೆ, ಬಿಡ್ಬೇಡಿ, ಅದು ಅವರಿಗೆ ದೊಡ್ಡ ವಿಷಯ.

ಎನ್‌ಸಿಎ ಆದ ಮೇಲೆ ಪ್ರಾಂತ್ಯ. ಅಲ್ಲಿ ಲೈಸೆನ್ಸ್ ಕೊಡುದು ದೇಶ ಅಲ್ಲ, ಪ್ರಾಂತ್ಯದ ಲಾ ಸೊಸೈಟಿ. ನಿಮಗೆ ಲಾ ಸೊಸೈಟಿ ಆಫ್ ಒಂಟಾರಿಯೋ. ಗಂಡನಿಗೆ ನಾಳೆ ಮಾಂಟ್ರಿಯಲ್‌ಗೆ ವರ್ಗ ಆಯ್ತು ಅಂತ ಆದ್ರೆ ಕಥೆಯೇ ಬೇರೆ, ಕ್ವಿಬೆಕ್‌ನಲ್ಲಿ ಫ್ರೆಂಚ್ ಮೂಲದ ಸಿವಿಲ್ ಲಾ, ಎನ್‌ಸಿಎಯ ಕಾಗದ ಅಲ್ಲಿಗೆ ಅಲ್ಲ. ಒಂಟಾರಿಯೋದಲ್ಲಿ ಬ್ಯಾರಿಸ್ಟರ್ ಪರೀಕ್ಷೆ ಒಂದು, ಸಾಲಿಸಿಟರ್ ಪರೀಕ್ಷೆ ಒಂದು, ಎರಡನ್ನೂ ಪಾಸಾಗ್ಬೇಕು. ಆಮೇಲೆ ಆರ್ಟಿಕ್ಲಿಂಗ್ ಅಂತ ಒಂದು ಆಫೀಸಲ್ಲಿ ಎಂಟು ತಿಂಗಳು ಟ್ರೈನಿಂಗ್, ಇಲ್ಲವೇ ಅದರ ಬದಲು ಲಾ ಪ್ರಾಕ್ಟೀಸ್ ಪ್ರೋಗ್ರಾಂ. ಹೊಸಬರಿಗೆ ಅತಿ ಕಷ್ಟ ಆಗುದು ಈ ಆರ್ಟಿಕ್ಲಿಂಗ್ ಜಾಗ ಸಿಗುದು, ಪರೀಕ್ಷೆಗಿಂತ ಜಾಸ್ತಿ. ಆದ್ರೆ ನಿಮಗೆ ಒಂದು ಬಾಗಿಲು ಉಂಟು, ಕಾಮನ್ ಲಾ ದೇಶದಲ್ಲಿ ಕನಿಷ್ಠ ಹತ್ತು ತಿಂಗಳು ಪ್ರಾಕ್ಟೀಸ್ ಮಾಡಿದವರು ಆ ಟ್ರೈನಿಂಗಿನಿಂದ ವಿನಾಯಿತಿ ಕೇಳಬಹುದು, ವೃತ್ತಿ ನಿಯಮದ ಒಂದು ಚಿಕ್ಕ ಕೋರ್ಸ್ ಮಾಡ್ಬೇಕಾಗ್ತದೆ ಅಷ್ಟೆ. ಅರ್ಜಿ ಹಾಕುವ ದಿನ ಲಾ ಸೊಸೈಟಿಯ ವೆಬ್‌ಸೈಟಲ್ಲಿ ಆಗಿನ ನಿಯಮ ನೋಡ್ಕೊಳ್ಳಿ, ಇವೆಲ್ಲ ಆಗಾಗ ಬದಲಾಗ್ತವೆ.

ಬಾಗಿಲು ಉಂಟು ಅಂದೆ, ಅದರ ಬೀಗದ ಕೈ ಇರುದು ಉಡುಪಿಯಲ್ಲಿ. ಹತ್ತು ವರ್ಷ ಪ್ರಾಕ್ಟೀಸ್ ಮಾಡಿದ್ದೇನೆ ಅಂತ ಬಾಯಲ್ಲಿ ಹೇಳಿದ್ರೆ ಆಗುದಿಲ್ಲ, ತೋರಿಸ್ಬೇಕು. ನಮ್ಮ ಕಡೆಯ ಪದ್ಧತಿ ಗೊತ್ತುಂಟಲ್ಲ, ಪ್ಲೇಂಟ್ ಡ್ರಾಫ್ಟ್ ಮಾಡಿದ್ದು ನೀವು, ಸಾಕ್ಷಿ ವಿಚಾರಣೆ ಮಾಡಿದ್ದು ನೀವು, ವಕಾಲತ್ತಿನಲ್ಲಿ ಮೇಲೆ ಇರುದು ಸೀನಿಯರ್ ಹೆಸರು, ತೀರ್ಪಿನಲ್ಲಿ "ವಾದಿ ಪರ ವಕೀಲರು" ಅಂತ ಬರುದೂ ಅವರದ್ದೇ. ಹಾಗಾಗಿ ಈಗಲೇ ಕೂತ್ಕೊಂಡು ಇ-ಕೋರ್ಟ್ಸ್ ಸೈಟಲ್ಲಿ ವಕೀಲರ ಹೆಸರು ಹಾಕಿ ಹುಡುಕಿ, ನಿಮ್ಮ ಹೆಸರಲ್ಲಿ ಬರುವ ಕೇಸುಗಳ ಪ್ರಿಂಟ್ ತೆಗ್ದಿಡಿ. ನಿಮ್ಮ ಸಹಿ ಇರುವ ವಕಾಲತ್ತು, ಮೆಮೊ, ನಿಮ್ಮ ಹಾಜರಿ ದಾಖಲಾದ ಆರ್ಡರ್ ಶೀಟ್, ವರ್ಷಕ್ಕೆ ಎರಡು ಮೂರಾದ್ರೂ ಸರ್ಟಿಫೈಡ್ ಕಾಪಿ ಮಾಡಿಸಿ. ಕೆಳಗಿನ ಕೋರ್ಟಿನ ಆರ್ಡರ್ ಶೀಟ್ ಎಷ್ಟೋ ಕನ್ನಡದಲ್ಲಿ ಇರ್ತದೆ, ಅದಕ್ಕೆ ಇಂಗ್ಲಿಷ್ ಅನುವಾದ ಬೇಕು. ಸೀನಿಯರ್ ಹತ್ರ ಒಂದು ಲೆಟರ್, "ಒಳ್ಳೆಯ ಹುಡುಗಿ, ಶ್ರದ್ಧೆ ಉಂಟು" ಅಂತ ಅಲ್ಲ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೋರ್ಟು, ಯಾವ ಥರದ ಕೆಲಸ, ಎಷ್ಟನ್ನು ಸ್ವತಂತ್ರವಾಗಿ ಮಾಡಿದ್ದು ಅಂತ ಬಿಡಿಸಿ ಬರೆದದ್ದು. ಅವರಿಗೆ ಬರೀಲಿಕ್ಕೆ ಪುರುಸೊತ್ತು ಇರುದಿಲ್ಲ, ನೀವೇ ಡ್ರಾಫ್ಟ್ ಮಾಡಿ ಕೊಟ್ರೆ ಓದಿ ಸಹಿ ಹಾಕ್ತಾರೆ. ಇದೆಲ್ಲ ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಕೂತು ಮಾಡ್ಲಿಕ್ಕೆ ಆಗುವ ಕೆಲಸ ಅಲ್ಲ ಮಾರಾಯ್ರೆ.

ಟ್ರಾನ್ಸ್‌ಕ್ರಿಪ್ಟ್ ವಿಷಯದಲ್ಲಿಯೂ ಹೀಗೆ. ಎನ್‌ಸಿಎಗೆ ಅದು ಯೂನಿವರ್ಸಿಟಿಯಿಂದ ನೇರ ಹೋಗ್ಬೇಕು, ನೀವು ನಿಮ್ಮ ಬ್ಯಾಗಲ್ಲಿ ತಗೊಂಡು ಹೋದದ್ದಕ್ಕೆ ಬೆಲೆ ಇಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾದದ್ದೇ 2009ರಲ್ಲಿ, ಅದಕ್ಕಿಂತ ಮೊದಲು ಓದಿದವರು ಕೊಣಾಜೆಗೆ, ಮಂಗಳೂರು ಯೂನಿವರ್ಸಿಟಿಗೆ ಹೋಗ್ಬೇಕಾಗ್ತದೆ. ನಿಮ್ಮದು 2014ರ ಡಿಗ್ರಿ, ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಯೂನಿವರ್ಸಿಟಿ ಹೆಸರುಂಟು ನೋಡಿ ಅಲ್ಲಿಗೇ ಅರ್ಜಿ ಹಾಕಿ, ಹತ್ತು ಸೆಮಿಸ್ಟರಿನ ಕಾರ್ಡೂ ಜೊತೆಗಿಟ್ಟು. ಪರೀಕ್ಷೆ ಕನ್ನಡದಲ್ಲಿ ಬರೆದವರಿಗೆ ಇನ್ನೊಂದು ತೊಡಕು ಉಂಟು, ಇಂಗ್ಲಿಷಲ್ಲಿ ಓದಿದ್ದಕ್ಕೆ ಆಧಾರ ಇಲ್ಲದಿದ್ರೆ ಭಾಷಾ ಪರೀಕ್ಷೆಯ ಮಾತು ಬರ್ತದೆ, ಹಾಗಾಗಿ ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್ ಸರ್ಟಿಫಿಕೇಟನ್ನು ಕಾಲೇಜಿಂದ ಒಟ್ಟಿಗೇ ತಗೊಳ್ಳಿ. ರೆಗ್ಯುಲರ್ ಕ್ಲಾಸಿಗೆ ಹೋಗಿ ಓದಿದ್ದೀರಿ ಅನ್ನುದೂ ಮುಖ್ಯ, ದೂರಶಿಕ್ಷಣದ ಓದಿಗೆ ಎನ್‌ಸಿಎ ಮುಖ ಸಿಂಡರಿಸ್ತದೆ.

ಮತ್ತೆ ಹೆಸರು! ಎಲ್ಲರೂ ಸಣ್ಣ ವಿಷಯ ಅಂದ್ಕೊಳ್ಳುದು, ನನ್ನ ಟೇಬಲಿಗೆ ಬರುವ ಫೈಲುಗಳಲ್ಲಿ ಜಾಸ್ತಿ ತಿಂಗಳು ತಿನ್ನುದು ಇದೇ. ಎಸ್ಸೆಸ್ಸೆಲ್ಸಿಯಲ್ಲಿ ಹೆಸರಿನ ಮುಂದೆ ಒಂದು ಇನಿಶಿಯಲ್, ಡಿಗ್ರಿಯಲ್ಲಿ ಇನಿಶಿಯಲ್ ಹಿಂದೆ, ಸನ್ನದಿನಲ್ಲಿ ಶೆಟ್ಟಿ ಸೇರಿದೆ, ಪಾಸ್‌ಪೋರ್ಟಿನಲ್ಲಿ ಮದುವೆಯ ನಂತರ ಗಂಡನ ಹೆಸರು ಬಂದು ಕೂತಿದೆ, ನಮ್ಮ ಡಿಸೋಜರಿಗಂತೂ ಡಿ ಆದ ಮೇಲೆ ಚುಕ್ಕೆ ಉಂಟಾ ಇಲ್ವಾ ಅನ್ನುದೇ ಒಂದು ರಾಮಾಯಣ. ಅಲ್ಲಿನ ಕಂಪ್ಯೂಟರಿಗೆ ಇದು ನಾಲ್ಕು ಬೇರೆ ಬೇರೆ ಹೆಂಗಸರು. ನಾಲ್ಕೂ ಕಾಗದ ಟೇಬಲ್ ಮೇಲೆ ಸಾಲಾಗಿ ಇಟ್ಟು ನೋಡಿ, ವ್ಯತ್ಯಾಸ ಇದ್ರೆ ಈಗಲೇ ಅಫಿಡವಿಟ್ ಮಾಡಿಸಿ, ದೊಡ್ಡ ವ್ಯತ್ಯಾಸ ಆದ್ರೆ ಗೆಜೆಟ್ಟಿನಲ್ಲಿ ಹಾಕ್ಸಿ. ಕೆನಡಾ 2024ರ ಜನವರಿಯಿಂದ ಹೇಗ್ ಅಪೋಸ್ಟಿಲ್ ಒಪ್ಪಂದದೊಳಗೆ ಬಂದಿದೆ, ನಮ್ಮ ದೇಶ 2005ರಿಂದಲೇ ಅದರಲ್ಲಿ ಉಂಟು, ಆದ ಕಾರಣ ಕಾಗದಕ್ಕೆ ಎಂಬೆಸಿ ಸುತ್ತುವ ಕೆಲಸ ಮೊದಲಿಗಿಂತ ಕಡಿಮೆ.

ಸನ್ನದಿನ ಪ್ರಶ್ನೆಗೆ ಬರುವ. ವಾಪಸ್ ಕೊಡ್ಬೇಡಿ, ಅವಸರ ಮಾಡ್ಬೇಡಿ. ಮೊದಲು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ ತಗೊಳ್ಳಿ, ನಿಮ್ಮ ಮೇಲೆ ಶಿಸ್ತು ಕ್ರಮ ಇಲ್ಲ, ನೀವು ರೋಲಿನಲ್ಲಿ, ಅಂದ್ರೆ ವಕೀಲರ ಪಟ್ಟಿಯಲ್ಲಿ, ಇದ್ದೀರಿ ಅಂತ ಹೇಳುವ ಕಾಗದ, ಯಾವ ದೇಶಕ್ಕೆ ಹೋದ್ರೂ ಕೇಳ್ತಾರೆ. ಅದು ಕೈಗೆ ಬಂದ ಮೇಲೆ ಮಾತ್ರ ಪ್ರಾಕ್ಟೀಸ್ ಸಸ್ಪೆಂಡ್ ಮಾಡುವ ಯೋಚನೆ. ಸಸ್ಪೆಂಡ್ ಯಾವಾಗ ಬೇಕು ಅಂದ್ರೆ, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ರೂಲ್ 49 ಪ್ರಕಾರ ವಕೀಲ ಆದವರು ಪ್ರಾಕ್ಟೀಸಿನ ಜೊತೆ ಪೂರ್ಣಾವಧಿ ಸಂಬಳದ ಕೆಲಸ ಮಾಡ್ಲಿಕ್ಕಿಲ್ಲ, ಅಂಥ ಕೆಲಸ ಹಿಡಿದ್ರೆ ಪರಿಷತ್ತಿಗೆ ತಿಳಿಸ್ಬೇಕು. ಅಲ್ಲಿ ಹೋಗಿ ಯಾವುದೋ ಆಫೀಸಲ್ಲಿ ಲಾ ಕ್ಲರ್ಕ್ ಆಗಿ ಸೇರಿದ್ರೂ ಅದು ಸಂಬಳದ ಕೆಲಸವೇ. ಸಸ್ಪೆಂಡ್ ಮಾಡಿದ್ದನ್ನು ಮುಂದೆ ಊರಿಗೆ ಬಂದ್ರೆ ಪುನಃ ಊರ್ಜಿತ ಮಾಡ್ಕೊಳ್ಳಬಹುದು. ಪಿಆರ್ (ಅಲ್ಲಿ ಕಾಯಂ ವಾಸದ ಅನುಮತಿ) ಇರುವಷ್ಟು ಕಾಲ ಇಷ್ಟೇ. ಕೆನಡಾದ ಸಿಟಿಜನ್ ಆದ್ರೆ ಮಾತ್ರ ವಿಷಯ ಗಂಭೀರ, ಭಾರತದ ಪೌರತ್ವ ತಾನಾಗಿ ಹೋಗ್ತದೆ, ಅಡ್ವೊಕೇಟ್ಸ್ ಆಕ್ಟಿನ ಸೆಕ್ಷನ್ 24 ರೋಲಿಗೆ ಸೇರ್ಲಿಕ್ಕೆ ಕೇಳುವ ಮೊದಲ ಅರ್ಹತೆಯೇ ಭಾರತದ ಪೌರತ್ವ. ವಿಚಿತ್ರ ಎಂತ ಅಂದ್ರೆ ಕೆನಡಾದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತು, ಬ್ರಿಟಿಷ್ ಕೊಲಂಬಿಯಾದಲ್ಲಿ ಆಂಡ್ರ್ಯೂಸ್ ಅನ್ನುವ ಇಂಗ್ಲೆಂಡಿನವರೊಬ್ಬರು ಕೇಸ್ ಹಾಕಿ, ವಕೀಲ ಆಗ್ಲಿಕ್ಕೆ ಸಿಟಿಜನ್ ಆಗಿರ್ಬೇಕು ಅನ್ನುವ ಷರತ್ತು ಸಮಾನತೆಗೆ ವಿರುದ್ಧ ಅಂತ 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೊಡೆದು ಹಾಕಿತು. ನಿಮ್ಮ ಸಂವಿಧಾನದ ಪೇಪರಿಗೂ ಆ ಕೇಸ್ ಬರ್ತದೆ.

ಇಷ್ಟೆಲ್ಲ ಮುಗೀಲಿಕ್ಕೆ ಮನೆ, ಮಗು, ಚಳಿ ಎಲ್ಲ ಸೇರಿ ಎರಡು ಮೂರು ವರ್ಷ ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ಅಷ್ಟರವರೆಗೆ ಲಾ ಕ್ಲರ್ಕ್ ಕೆಲಸ ಮಾಡಬಹುದು, ಒಂಟಾರಿಯೋದಲ್ಲಿ ಮನೆ ಖರೀದಿ ಮಾಡುವವರೆಲ್ಲ ವಕೀಲರ ಆಫೀಸಿಗೆ ಬರ್ತಾರೆ, ವ್ಯವಹಾರ ಮುಗಿಸಿ ಕೊಡುವ ಆ ಕ್ಲೋಸಿಂಗ್ ಕೆಲಸಕ್ಕೆ ಡಾಕ್ಯುಮೆಂಟ್ ನೋಡ್ಲಿಕ್ಕೆ ಗೊತ್ತಿದ್ದವರು ಬೇಕಾಗ್ತದೆ. ಅಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನ ಕ್ಯೂ ಇಲ್ಲ, ರಿಜಿಸ್ಟ್ರೇಶನ್ ಆನ್‌ಲೈನ್, ರಿಜಿಸ್ಟ್ರಿಯಲ್ಲಿ ಹೆಸರು ಬಂತು ಅಂದ್ರೆ ಟೈಟಲಿಗೆ ಸರ್ಕಾರವೇ ಗ್ಯಾರಂಟಿ. ಮೂವತ್ತು ವರ್ಷದ ಇಸಿ (ಋಣಭಾರ ಪತ್ರ) ತೆಗ್ದು ಮೂಲ ಪತ್ರ ಹುಡುಕಿ ಅಭ್ಯಾಸ ಇದ್ದವರಿಗೆ ಮೊದಲು ನಂಬಿಕೆಯೇ ಬರ್ಲಿಕ್ಕಿಲ್ಲ. ಆದ್ರೆ ಒಂದು ಎಚ್ಚರಿಕೆ, ಲೈಸೆನ್ಸ್ ಬರುವ ತನಕ ಯಾರಿಗೂ ಅಲ್ಲಿನ ಕಾನೂನಿನ ಸಲಹೆ ಕೊಡ್ಬೇಡಿ, ವಾಟ್ಸಾಪಲ್ಲಿ ನಮ್ಮ ಊರಿನವರೇ ಕೇಳಿದ್ರೂ, ಫೀಸ್ ತಗೊಳ್ಳದಿದ್ರೂ. ಲೈಸೆನ್ಸ್ ಇಲ್ಲದ ಪ್ರಾಕ್ಟೀಸ್ ಅಂತ ಒಂದು ಕಂಪ್ಲೇಂಟ್ ಬಿದ್ರೆ ಮುಂದೆ ಲಾ ಸೊಸೈಟಿ ನಿಮ್ಮ ಗುಡ್ ಕ್ಯಾರೆಕ್ಟರ್ ನೋಡುವಾಗ ಅದೇ ಅಡ್ಡ ಬರ್ತದೆ.

ನಮ್ಮ ಕಡೆಯವರು ತಿರುಗಿಯೂ ನೋಡದ ಒಂದು ದಾರಿ ಉಂಟು, ಫಾರಿನ್ ಲೀಗಲ್ ಕನ್ಸಲ್ಟೆಂಟ್ ಪರ್ಮಿಟ್. ಒಂಟಾರಿಯೋದಲ್ಲಿ ಕೂತು ಭಾರತದ ಕಾನೂನಿನ ಬಗ್ಗೆ ಮಾತ್ರ ಸಲಹೆ ಕೊಡ್ಲಿಕ್ಕೆ ಲಾ ಸೊಸೈಟಿ ಕೊಡುವ ಅನುಮತಿ. ಇಲ್ಲಿನ ಸನ್ನದು, ಈಚಿನ ವರ್ಷಗಳ ಪ್ರಾಕ್ಟೀಸ್ ಎರಡೂ ಬೇಕು, ಅದಕ್ಕೇ ಸನ್ನದನ್ನು ಬಿಸಾಡ್ಬೇಡಿ ಅಂದದ್ದು. ಟೊರಾಂಟೊ ಸುತ್ತಮುತ್ತ ನಮ್ಮ ಕರಾವಳಿಯವರು ಎಷ್ಟು ಜನ ಇದ್ದಾರೆ, ಅವರಿಗೆಲ್ಲ ಊರಲ್ಲಿ ಒಂದು ಜಾಗದ ತಕರಾರು ಇದ್ದೇ ಇರ್ತದೆ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬದ ಆಸ್ತಿಯಲ್ಲಿ ಕವರು ಅಂದ್ರೆ ಎಂತ, 1949ರ ಕಾಯ್ದೆಯಲ್ಲಿ ಪಾಲು ಹೇಗೆ, ಕುಮ್ಕಿ ಜಾಗ (ನಮ್ಮ ಜಾಗಕ್ಕೆ ತಾಗಿದ ಸರ್ಕಾರಿ ಜಾಗ) ಮಾರ್ಲಿಕ್ಕೆ ಆಗ್ತದಾ, ಇದನ್ನೆಲ್ಲ ಅಲ್ಲಿ ಬಿಡಿಸಿ ಹೇಳುವವರು ಯಾರಿದ್ದಾರೆ? ಕೆನಡಾದಲ್ಲಿ ಬರೆದ ಪವರ್ ಆಫ್ ಅಟಾರ್ನಿ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಆಗ್ಬೇಕು ಅನ್ನುದು ಗೊತ್ತಿಲ್ಲದೆ ಕಪಾಟಲ್ಲಿಟ್ಟು ಆಮೇಲೆ ಒದ್ದಾಡುವವರು ಬೇಕಾದಷ್ಟು. ನಿಮ್ಮ ಹತ್ತು ವರ್ಷದ ಪಾರ್ಟಿಶನ್ ಕೆಲಸಕ್ಕೆ ಅಲ್ಲಿ ಮೊದಲು ಬೆಲೆ ಬರುದು ಇಲ್ಲಿಯೇ ಅಂತ ನನಗೆ ಕಾಣ್ತದೆ.

ಮನೆಯಲ್ಲಿ ಯಾರಾದ್ರೂ "ಲಂಡನ್ ಸುಲಭ, ದುಬೈ ಹತ್ತಿರ" ಅಂತ ಹೇಳಿಯೇ ಹೇಳ್ತಾರೆ, ಅದಕ್ಕೂ ಎರಡು ಮಾತು. ಇಂಗ್ಲೆಂಡಿನಲ್ಲಿ 2021ರಿಂದ ಎಸ್‌ಕ್ಯೂಇ ಅಂತ ಪರೀಕ್ಷೆ, ಮೊದಲ ಭಾಗ 360 ಬಹು ಆಯ್ಕೆ ಪ್ರಶ್ನೆ, ಎರಡನೆಯದು ಡ್ರಾಫ್ಟಿಂಗ್, ಇಂಟರ್‌ವ್ಯೂ, ವಾದ ಮಂಡನೆ ಥರದ್ದು. ನಿಮ್ಮ ಹಾಗೆ ಆಗ್ಲೇ ವಕೀಲರಾದವರಿಗೆ ಎರಡು ವರ್ಷದ ಟ್ರೈನಿಂಗ್ ಬೇಡ, ಅನುಭವ ತೋರಿಸಿ ಎರಡನೇ ಭಾಗಕ್ಕೂ ವಿನಾಯಿತಿ ಕೇಳಬಹುದು, ಎರಡೂ ಬರೆದ್ರೆ ಫೀಸೇ ಹತ್ತಿರ ಹತ್ತಿರ 5,000 ಪೌಂಡ್. ದಾರಿ ನೇರ, ಹೌದು, ಆದ್ರೆ ಅದನ್ನು ಪಾಸಾಗಿ ಒಂಟಾರಿಯೋದಲ್ಲಿ ಕೂತ್ರೆ ಪುನಃ ಎನ್‌ಸಿಎಯೇ. ನ್ಯೂಯಾರ್ಕ್ ನಮ್ಮ ಡಿಗ್ರಿಯವರಿಗೆ ಎಷ್ಟೋ ಸಲ ನೇರ ಬಾರ್ ಪರೀಕ್ಷೆಗೆ ಬಿಡ್ತದೆ, ಅಲ್ಲಿಯೂ ಮೊದಲು ಡಿಗ್ರಿ ಪರಿಶೀಲನೆ ಉಂಟು. ದುಬೈಯಲ್ಲಿ ಕೋರ್ಟಿನ ಭಾಷೆ ಅರೇಬಿಕ್, ನಮ್ಮವರು ಹೆಚ್ಚಾಗಿ ಲೀಗಲ್ ಕನ್ಸಲ್ಟೆಂಟ್ ಆಗಿ ಕೆಲಸ ಮಾಡುದು. ಕುಟುಂಬ ಎಲ್ಲಿ ನಿಲ್ತದೋ ಆ ಊರಿನ ಲೈಸೆನ್ಸಿಗೇ ಓದಿ.

ಹೊರಡುವ ಮೊದಲು ನಿಮ್ಮ ನಡೆಯುವ ಕೇಸುಗಳನ್ನು ಮರೀಬೇಡಿ. ಕಕ್ಷಿದಾರರಿಗೆ ಸಾಕಷ್ಟು ಮೊದಲೇ ಬರವಣಿಗೆಯಲ್ಲಿ ತಿಳಿಸಿ, ಫೈಲು ವಾಪಸ್ ಕೊಟ್ಟದ್ದಕ್ಕೆ ಸಹಿ ತಗೊಳ್ಳಿ, ಮಾಡದ ಕೆಲಸಕ್ಕೆ ತಗೊಂಡ ಫೀಸ್ ಇದ್ರೆ ಹಿಂದೆ ಕೊಡಿ, ಕೇಸಿಂದ ಹಿಂದೆ ಸರಿತೇನೆ ಅಂತ ಕೋರ್ಟಿಗೆ ರಿಟೈರ್‌ಮೆಂಟ್ ಮೆಮೊ ಹಾಕಿ. ಬಾರ್ ಕೌನ್ಸಿಲ್ ನಿಯಮವೇ ಹಾಗುಂಟು. ನೀವು ಟೊರಾಂಟೊದಲ್ಲಿ ಇರುವಾಗ ಇಲ್ಲಿ ಯಾರೋ ಒಬ್ಬ ಕಕ್ಷಿದಾರ "ನಮ್ಮ ವಕೀಲರು ಹೇಳದೆ ಹೋದ್ರು" ಅಂತ ಪರಿಷತ್ತಿಗೆ ಒಂದು ಅರ್ಜಿ ಬರೆದ್ರೆ ಮುಂದಿನ ಸಲ ಗುಡ್ ಸ್ಟ್ಯಾಂಡಿಂಗ್ ಕೇಳುವಾಗ ಅದು ಪೆಂಡಿಂಗ್ ಅಂತ ಬರ್ತದೆ.